ಮೈಕ್ ಹಿಡಿದವರಿಗೂ ಸುಣ್ಣದ ಗೆರೆ ಎಳೆದವರಿಗೂ ಪಟ್ಟಿಯಲ್ಲೊಂದು ಜಾಗ ಕೊಡಿ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ಪ್ರಶಸ್ತಿ ಆಯ್ಕೆ ಸಮಿತಿಯ ಸದಸ್ಯರಿಗೆ,

ನಮಸ್ಕಾರ.

ಕ್ರೀಡಾ ಪ್ರಶಸ್ತಿಗಳ ವಿಷಯದಲ್ಲಿ ನಮ್ಮ ರಾಜ್ಯ ಜಿಪುಣತನ ತೋರಿಲ್ಲ. ಸಾಧನೆ ಮಾಡಿದ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಇದೆ. ಕಂಬಳ, ಕಬಡ್ಡಿ, ಖೋ ಖೋ, ಕುಸ್ತಿ, ಮಲ್ಲಕಂಬದಂತಹ ನಮ್ಮ ನೆಲದ ಆಟಗಳವರಿಗೆ ಕರ್ನಾಟಕ ಕ್ರೀಡಾ ರತ್ನ ಇದೆ. ತರಬೇತುದಾರರಿಗೆ ಜೀವಮಾನ ಸಾಧನೆಯ ಗೌರವ, ಸಂಘ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಇವೆ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲೂ ಕ್ರೀಡೆಗೆ ಸ್ಥಾನ ಉಂಟು. ಇಷ್ಟೆಲ್ಲ ಇರುವಾಗ ಇನ್ನೊಂದು ಪ್ರಶಸ್ತಿ ಕೇಳುವವನಿಗೆ ಸಂಕೋಚ ಬೇಡವೇ ಎಂದು ತಮಗೆ ಅನಿಸಬಹುದು. ಬೇಕು. ಆದರೂ ಕೇಳುತ್ತಿದ್ದೇನೆ. ಈ ಪಟ್ಟಿಗಳಲ್ಲಿ ಓಡಿದವರಿದ್ದಾರೆ, ಓಡಲು ಕಲಿಸಿದವರಿದ್ದಾರೆ, ಹಣ ಹಾಕಿದ ಸಂಸ್ಥೆಗಳಿವೆ. ಆ ಓಟವನ್ನು ಊರಿಗೆ ಕೇಳಿಸಿದವರಿಗೆಂದು, ಅದಕ್ಕೆ ಬೇಕಾದ ಮೈದಾನವನ್ನು ಬೆಳಗಿನ ಜಾವ ಎದ್ದು ಅಣಿಗೊಳಿಸಿದವರಿಗೆಂದು ಮೀಸಲಾದ ಸಾಲು ಒಂದೂ ಇಲ್ಲ.

ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದವನು. ಹೋಬಳಿ ಮಟ್ಟದಿಂದ ಜಿಲ್ಲಾ ಮಟ್ಟದವರೆಗಿನ ಕ್ರೀಡಾಕೂಟಗಳಲ್ಲಿ ಗೆರೆ ಎಳೆದಿದ್ದೇನೆ, ಸೀಟಿ ಊದಿದ್ದೇನೆ, ಅಂಕಪಟ್ಟಿ ಬರೆದಿದ್ದೇನೆ. ಮೈಕಿನ ಮುಂದೆ ಮಾತ್ರ ನಿಂತಿಲ್ಲ. ದೇವರು ನನಗೆ ಕೊಟ್ಟ ಗಂಟಲು ತರಗತಿಯ ಕೊನೆಯ ಬೆಂಚಿಗೆ ಸಾಕಾಗುವಷ್ಟೇ. ಹೀಗಾಗಿ ವೀಕ್ಷಕ ವಿವರಣೆಗಾರರ ಪರವಾಗಿ ನಾನು ಬರೆಯುವುದರಲ್ಲಿ ಸ್ವಂತ ಲಾಭದ ಆಸೆ ಇಲ್ಲ ಎಂದು ತಾವು ನಂಬಬಹುದು.

ನಮ್ಮ ಹಳ್ಳಿಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ತಾವು ಉದ್ಘಾಟಿಸಿರುತ್ತೀರಿ. ಉದ್ಘಾಟಿಸಿದ ಮೇಲೆ ಮುಂದಿನ ಕಾರ್ಯಕ್ರಮಕ್ಕೆ ಹೊರಡುತ್ತೀರಿ. ಅದು ತಮ್ಮ ಕೆಲಸದ ರೀತಿ. ತಾವು ಹೊರಟ ನಂತರ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ. ಅಂಕಣದ ಪಕ್ಕದಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕ್. ಅಲ್ಲಿ ಕುಳಿತವರು ರೈಡರ್ ಹೆಸರು ಹೇಳುತ್ತಾರೆ, ಅವನ ಊರು ಹೇಳುತ್ತಾರೆ, ಹಿಂದಿನ ವಾರ ಇನ್ನೊಂದು ಊರಿನಲ್ಲಿ ಅವನು ಯಾರ ಕೈಗೆ ಸಿಕ್ಕಿಬಿದ್ದ ಎಂಬುದನ್ನೂ ನೆನಪಿನಿಂದ ತೆಗೆಯುತ್ತಾರೆ. ಬೋನಸ್ ಗೆರೆ ಮುಟ್ಟಿತೇ ಇಲ್ಲವೇ ಎಂದು ಎರಡೂ ಕಡೆಯವರು ತೋಳೇರಿಸಿ ನಿಂತಾಗ ಅಂಪೈರಿನ ತೀರ್ಪನ್ನು ಎಲ್ಲರಿಗೂ ಒಪ್ಪುವ ಮಾತಿನಲ್ಲಿ ಹೇಳಿ ಗಲಾಟೆ ತಣಿಸುವವರು ಅವರೇ. ಒಳ್ಳೆಯ ರೈಡಿಗೆ ಪ್ರೇಕ್ಷಕರೊಬ್ಬರು ಜೇಬಿನಿಂದ ನೂರೋ ಇನ್ನೂರೋ ತೆಗೆದು ಕೊಟ್ಟರೆ ಅದನ್ನು ಘೋಷಿಸಿ ಆಟಗಾರನಿಗೆ ತಲುಪಿಸುತ್ತಾರೆ. ನಡುವೆ ದಾರಿಗೆ ಅಡ್ಡವಾಗಿ ನಿಂತ ಟ್ರ್ಯಾಕ್ಟರಿನ ನಂಬರು ಓದುತ್ತಾರೆ. ತಪ್ಪಿಸಿಕೊಂಡ ಮಗುವಿನ ಅಂಗಿಯ ಬಣ್ಣ ಹೇಳುತ್ತಾರೆ. ಊಟದ ವ್ಯವಸ್ಥೆ ಎಲ್ಲಿದೆ ಎಂದು ತಂಡಗಳಿಗೆ ತಿಳಿಸುತ್ತಾರೆ. ತಡವಾಗಿ ಬಂದ ಗಣ್ಯರ ಹೆಸರನ್ನು ಹುದ್ದೆ ಸಮೇತ ಹೇಳುತ್ತಾರೆ, ಅದೂ ಎರಡು ಸಲ, ಏಕೆಂದರೆ ಮೊದಲ ಸಲ ಗಣ್ಯರಿಗೆ ಕೇಳಿಸಿರುವುದಿಲ್ಲ. ಬೆಳಗಿನ ಜಾವ ಫೈನಲ್ ಮುಗಿಯುವ ಹೊತ್ತಿಗೆ ಅವರ ದನಿ ಒಡೆದಿರುತ್ತದೆ.

ಇದೆಲ್ಲ ಬರೀ ಗದ್ದಲವೆಂದು ತಿಳಿದವರಿದ್ದಾರೆ. ಗದ್ದಲ ಇರುವುದು ನಿಜ. ಕೆಲವರು ಮೈಕ್ ಸಿಕ್ಕಿದರೆ ಆಟಕ್ಕಿಂತ ತಮ್ಮ ಪ್ರಾಸವನ್ನೇ ಹೆಚ್ಚು ಪ್ರೀತಿಸುತ್ತಾರೆ. ಆದರೆ ಒಳ್ಳೆಯ ವಿವರಣೆಗಾರ ಇದ್ದ ಅಂಕಣಕ್ಕೂ ಇಲ್ಲದ ಅಂಕಣಕ್ಕೂ ಇರುವ ವ್ಯತ್ಯಾಸವನ್ನು ಆಟಗಾರರನ್ನೇ ಕೇಳಿ ನೋಡಿ. ಸಾವಿರ ಜನರ ನಡುವೆ ತನ್ನ ಹೆಸರು ಮೊದಲ ಬಾರಿ ಧ್ವನಿವರ್ಧಕದಲ್ಲಿ ಕೇಳಿದ ಹದಿನಾರರ ಹುಡುಗ ಮುಂದಿನ ವರ್ಷವೂ ಆಡಲು ಬರುತ್ತಾನೆ. ನಮ್ಮ ಶಾಲೆಯಿಂದ ಹೋದ ಹುಡುಗರಲ್ಲಿ ಇದನ್ನು ಕಂಡೇ ಹೇಳುತ್ತಿದ್ದೇನೆ. ಅವರನ್ನು ಆಟದಲ್ಲಿ ಉಳಿಸಿದ್ದರಲ್ಲಿ ನನ್ನ ಸೀಟಿಗಿಂತ ಆ ಮೈಕಿನ ಪಾಲೇ ಹೆಚ್ಚು.

ಕರಾವಳಿಗೆ ಬಂದರೆ ಈ ವಿದ್ಯೆ ಇನ್ನೂ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ಕಂಬಳವೆಂದರೆ ಒಂದೆರಡು ಗಂಟೆಯ ಬಾಬತ್ತಲ್ಲ. ಶನಿವಾರ ಬೆಳಿಗ್ಗೆ ಶುರುವಾದ ಜೋಡುಕರೆ (ಕೆಸರಿನ ಎರಡು ಓಟದ ಹಾದಿಗಳಿರುವ) ಕಂಬಳ ರಾತ್ರಿಯಿಡೀ ನಡೆದು ಭಾನುವಾರ ಮುಗಿಯುವುದು ಸಾಮಾನ್ಯ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳು. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂಬ ಭೇದ. ಓಟ ಶುರುವಾಗುವ ಗಂತಿನಿಂದ ಕೋಣಗಳನ್ನು ಬಿಟ್ಟು ಓಟ ಮುಗಿಯುವ ಮಂಜೊಟ್ಟಿ ಮುಟ್ಟುವವರೆಗೆ ಹೆಚ್ಚೆಂದರೆ ಹದಿನೈದು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಎರಡೂ ಕರೆಗಳ ಕೋಣಗಳು ಯಾವ ಮನೆಯವು, ಯಜಮಾನರು ಯಾರು, ಓಡಿಸುತ್ತಿರುವವನು ಯಾವ ಊರಿನವನು, ಹಿಂದಿನ ಕಂಬಳದಲ್ಲಿ ಈ ಜೋಡಿ ಎಲ್ಲಿಯವರೆಗೆ ಬಂದಿತ್ತು ಎಂಬುದೆಲ್ಲ ಬಾಯಿಯಿಂದ ಹೊರಬಂದಿರಬೇಕು. ಕನೆಹಲಗೆಯಲ್ಲಾದರೆ ಓಟಕ್ಕೆ ಚಿಮ್ಮಿದ ನೀರು ಆರೂವರೆ ಕೋಲಿನ ಎತ್ತರದ ನಿಶಾನೆಗೆ ಹಾಯಿತೋ ಏಳೂವರೆ ಕೋಲಿನದಕ್ಕೋ ಎಂದು ನೋಡಬೇಕು. ಮಾತು ತುಳುವಿನಲ್ಲಿ ಓಡುತ್ತಿರುತ್ತದೆ, ಘಟ್ಟದ ಮೇಲಿನಿಂದ ಬಂದವರಿಗಾಗಿ ಕನ್ನಡಕ್ಕೆ ಹೊರಳುತ್ತದೆ, ಮತ್ತೆ ತುಳುವಿಗೆ ಮರಳುತ್ತದೆ. ಕೋಣಗಳ ವಂಶಾವಳಿ, ಓಟಗಾರರ ಗುರುಪರಂಪರೆ, ಯಾವ ಕರೆಯ ಮಣ್ಣು ಹೇಗೆ ಎಂಬ ತಿಳಿವಳಿಕೆ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಜನರ ತಲೆಯಲ್ಲಿ ಇದೆ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಕೋಣಗಳ ಹಗ್ಗ ಹಿಡಿದು ಕೆಸರಿನಲ್ಲಿ ಓಡುವುದು ಬೇರೆ, ಟ್ರ್ಯಾಕಿನಲ್ಲಿ ಓಡುವುದು ಬೇರೆ. ಅದಿರಲಿ. ಆ ಅಂಕಿ ಹುಟ್ಟಿದ್ದು ಕರೆಯ ಬದಿಯ ತೀರ್ಪುಗಾರರ ಮೇಜಿನಲ್ಲಿ. ಹತ್ತರಲ್ಲಿ ಒಂದು, ನೂರರಲ್ಲಿ ಒಂದು ಸೆಕೆಂಡಿನ ಲೆಕ್ಕ ಇಟ್ಟುಕೊಂಡು ನಿದ್ದೆಗೆಟ್ಟು ಕುಳಿತವರು ಅಲ್ಲಿ ಇಲ್ಲದಿದ್ದರೆ ಚರ್ಚೆಗೇ ಆಸ್ಪದವಿರುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ನೀಡಿದ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು. ರಾಜಧಾನಿಯ ಜನಕ್ಕೆ ಕೆಸರಿನಲ್ಲಿ ಏನು ನಡೆಯುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿ ಬಂದಾಗ ನೆರವಾದದ್ದು ಮೈಕ್ ಹಿಡಿದವರ ಈ ವಿದ್ಯೆಯೇ.

ಮಾತಿನಿಂದ ಆಟ ಕಟ್ಟಿದವರನ್ನು ಗೌರವಿಸುವುದು ಈ ದೇಶಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. ಹಿಂದಿ ವಿವರಣೆಗಾರ ಜಸ್ದೇವ್ ಸಿಂಗ್ ಅವರಿಗೆ 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ ಬಂದವು. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಾಗ ದೇಶ ಅದನ್ನು ಕೇಳಿದ್ದು ಅವರ ದನಿಯಲ್ಲಿ. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಕ್ರಿಕೆಟ್ ವಿವರಣೆಗಾರ ಸುಶೀಲ್ ದೋಷಿ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಅವರ ಊರಾದ ಇಂದೋರಿನ ಹೋಳ್ಕರ್ ಕ್ರೀಡಾಂಗಣದಲ್ಲಿ ವಿವರಣೆಗಾರರ ಕೊಠಡಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಹಿಂದಿಯಲ್ಲಿ ಆಗುವುದು ಕನ್ನಡದಲ್ಲಿ, ತುಳುವಿನಲ್ಲಿ, ಕೊಡವ ತಕ್ಕ್‌ನಲ್ಲಿ ಏಕೆ ಆಗಬಾರದು?

2018ರಿಂದ ಐಪಿಎಲ್ ಪಂದ್ಯಗಳು ಕನ್ನಡದ ವಿವರಣೆಯೊಂದಿಗೆ ಟಿವಿಯಲ್ಲಿ ಬರುತ್ತಿವೆ. ರಾಜ್ಯ ತಂಡದ ಮಾಜಿ ಆಟಗಾರರು ಆ ಕೊಠಡಿಯಲ್ಲಿ ಕುಳಿತಿದ್ದಾರೆ, ಕೇಳಲು ಖುಷಿಯಾಗುತ್ತದೆ. ಅವರಿಗೆ ಸಂಭಾವನೆ ಇದೆ, ಹೆಸರಿದೆ. ನಮ್ಮ ಶಿಫಾರಸು ಬೇಕಿಲ್ಲ. ನಾನು ಹೇಳುತ್ತಿರುವುದು ಆಕಾಶವಾಣಿಯ ಪ್ರಾದೇಶಿಕ ಕೇಂದ್ರಗಳಿಗೆ ಜಿಲ್ಲೆಯ ಕ್ರೀಡಾ ಸುದ್ದಿ ಕಳಿಸುತ್ತಿದ್ದವರ ಬಗ್ಗೆ, ದಸರಾ ಕುಸ್ತಿಯ ಕಣದ ಪಕ್ಕದಲ್ಲಿ ನಿಂತು ಪೈಲ್ವಾನರ ಗರಡಿ ಯಾವುದು, ಉಸ್ತಾದರು ಯಾರು ಎಂದು ಹೇಳುವವರ ಬಗ್ಗೆ, ಬೆಳಗಾವಿ ಕಡೆಯ ಜಂಗಿ ಕುಸ್ತಿಯಲ್ಲಿ ಹಲಗಿ ವಾದ್ಯದ ಸದ್ದಿನ ಮೇಲೆ ದನಿ ಏರಿಸುವವರ ಬಗ್ಗೆ. ಈಗಂತೂ ಹೊಸ ಪೀಳಿಗೆ ಸೇರಿಕೊಂಡಿದೆ: ಎರಡು ಮೊಬೈಲ್, ಒಂದು ತ್ರಿಪಾದಿ, ಬಾಡಿಗೆಯ ಇನ್ವರ್ಟರ್ ಇಟ್ಟುಕೊಂಡು ತಾಲ್ಲೂಕು ಮಟ್ಟದ ಪಂದ್ಯವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವ ಹುಡುಗರು. ಗಲ್ಫ್‌ನಲ್ಲಿ, ಮುಂಬೈಯಲ್ಲಿ ಕೆಲಸಕ್ಕಿರುವ ಊರಿನವರು ರಾತ್ರಿ ಅದನ್ನು ನೋಡುತ್ತಾ ತಮ್ಮೂರಿನ ತಂಡಕ್ಕೆ ಅಲ್ಲಿಂದಲೇ ಬಹುಮಾನ ಘೋಷಿಸುತ್ತಾರೆ. ಮುಂದಿನ ವರ್ಷದ ಪಂದ್ಯಾವಳಿಗೆ ಮ್ಯಾಟ್ ಬಾಡಿಗೆ ಹುಟ್ಟುವುದು ಎಷ್ಟೋ ಬಾರಿ ಹೀಗೆಯೇ.

ಇನ್ನು ಕಟ್ಟಿದವರ ಮಾತಿಗೆ ಬರುತ್ತೇನೆ. ಇಲ್ಲಿ ನನಗೆ ಮೊದಲು ನೆನಪಾಗುವುದು ಪಾಂಡಂಡ ಕುಟ್ಟಪ್ಪನವರು. ಕೊಡಗಿನವರಿಗೆ ಈ ಹೆಸರನ್ನು ಪರಿಚಯಿಸಬೇಕಿಲ್ಲ. ಉಳಿದ ಕರ್ನಾಟಕಕ್ಕೆ ಬೇಕಾಗಬಹುದು. ಬ್ಯಾಂಕ್ ಉದ್ಯೋಗದಲ್ಲಿದ್ದ ಅವರು 1997ರಲ್ಲಿ ವಿರಾಜಪೇಟೆ ಬಳಿಯ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಯನ್ನು ಶುರುಮಾಡಿದರು. ಯೋಚನೆ ಬಹಳ ಸರಳ: ಒಂದೊಂದು ಒಕ್ಕದಿಂದ, ಎಂದರೆ ಮನೆತನದಿಂದ, ಒಂದೊಂದು ತಂಡ, ಪ್ರತಿ ವರ್ಷ ಒಂದು ಕುಟುಂಬ ಆತಿಥ್ಯ ವಹಿಸುವುದು, ಕಪ್ಪಿಗೆ ಆ ಕುಟುಂಬದ ಹೆಸರು. ಮೊದಲ ವರ್ಷ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡಗಳು ಆಡಿದವು, ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿಗೆ ಬಂದದ್ದು 396 ತಂಡ.

ಈ ಲೆಕ್ಕದ ಹಿಂದಿನ ಜಾಣ್ಮೆಯನ್ನು ಸಮಿತಿಯವರು ಗಮನಿಸಬೇಕು. ಕುಟ್ಟಪ್ಪನವರು ಕ್ರೀಡಾಂಗಣ ಕಟ್ಟಲು ಹೋಗಲಿಲ್ಲ. ಒಕ್ಕವೆಂಬ, ಆಗಲೇ ಗಟ್ಟಿಯಾಗಿದ್ದ ಕೌಟುಂಬಿಕ ವ್ಯವಸ್ಥೆಯ ಕೈಗೆ ಹಾಕಿ ಕೋಲು ಕೊಟ್ಟರು. ಒಮ್ಮೆ ಹಾಗೆ ಕೊಟ್ಟ ಮೇಲೆ ಮನೆತನದ ಮಾನದ ಪ್ರಶ್ನೆ ಉಳಿದದ್ದನ್ನು ನೋಡಿಕೊಂಡಿತು. ಬೆಂಗಳೂರಿನಲ್ಲಿ ಉದ್ಯೋಗಕ್ಕಿದ್ದ ಮಗ ರಜೆ ಹಾಕಿ ಬಂದ, ವರ್ಷಗಳ ಹಿಂದೆ ಕೋಲು ಕೆಳಗಿಟ್ಟ ದೊಡ್ಡಪ್ಪ ಮತ್ತೆ ಗೋಲಿನ ಮುಂದೆ ನಿಂತರು, ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡಿದರು. ಒಲಿಂಪಿಕ್ಸ್‌ಗೆ ಆಟಗಾರರನ್ನು ಕಳಿಸಿದ ಜಿಲ್ಲೆ ಅದು: ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ನಂತರದ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್. ಆದರೆ ಎಂದೂ ಒಲಿಂಪಿಕ್ಸ್‌ಗೆ ಹೋಗದ ಸಾವಿರಾರು ಜನರು ವರ್ಷಕ್ಕೊಮ್ಮೆಯಾದರೂ ಕೋಲು ಹಿಡಿಯುವಂತೆ ಮಾಡಿದ್ದು ಈ ಪಂದ್ಯಾವಳಿ. ಅಲ್ಲಿನ ವಿವರಣೆಗಾರರ ಪಾಡನ್ನೂ ಒಮ್ಮೆ ಊಹಿಸಿಕೊಳ್ಳಿ. ಹನ್ನೊಂದು ಆಟಗಾರರಿಗೂ ಒಂದೇ ಮನೆತನದ ಹೆಸರು! ಚೆಂಡು ಯಾರಿಂದ ಯಾರಿಗೆ ಹೋಯಿತೆಂದು ಹೇಳಲು ಒಬ್ಬೊಬ್ಬರ ಸ್ವಂತ ಹೆಸರನ್ನೂ ಬಾಯಿಪಾಠ ಮಾಡಿಕೊಂಡೇ ಕೂರಬೇಕು. ದಿನಕ್ಕೆ ಹಲವು ಪಂದ್ಯ, ವಾರಗಟ್ಟಲೆ.

ಕುಟ್ಟಪ್ಪನವರು ಈಗ ನಮ್ಮೊಂದಿಗಿಲ್ಲ. ಅವರು ಕಂಡ ಕನಸು ಕಣ್ಣಿಗೆ ಕಾಣುವಷ್ಟು ದೊಡ್ಡದಾದ್ದರಿಂದ ಹೆಸರು ಉಳಿಯಿತು. ಅವರಂತೆಯೇ ಚಿಕ್ಕ ಪ್ರಮಾಣದಲ್ಲಿ ಕಟ್ಟಿದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಮಿಯ್ಯಾರಿನಲ್ಲಿ ಕಂಬಳ ಅಕಾಡೆಮಿ ತೆರೆದು ಓಟಗಾರರಿಗೆ ಶಿಸ್ತಿನ ತರಬೇತಿ ಕೊಡಲು ಮುಂದಾದ ಗುಣಪಾಲ ಕಡಂಬರಂಥವರು ಸ್ವಲ್ಪ ಹೆಸರಾದರು. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಫುಟ್‌ಬಾಲ್ ಹುಚ್ಚು ಹಬ್ಬಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? 1937ರಲ್ಲಿ ಫುಟ್‌ಬಾಲಿನ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆ ತಂಡಕ್ಕೆ ಮೈದಾನ ಒದಗಿಸಿದವರು, ಆಟಗಾರರ ರೈಲು ಖರ್ಚು ಹೊಂದಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹೇಳುವ ತಲೆಮಾರು ದಾಟಿಹೋಗಿದೆ. ಇನ್ನೊಂದು ತಲೆಮಾರು ದಾಟುವ ಮೊದಲು ಬರೆಯುತ್ತಿದ್ದೇನೆ.

ನನ್ನ ಜಾತಿಯವರ ಬಗ್ಗೆಯೂ, ಎಂದರೆ ಪಿ.ಟಿ. ಮೇಷ್ಟ್ರ ಬಗ್ಗೆಯೂ, ಒಂದೆರಡು ಮಾತು ಹೇಳದೆ ಇರಲಾರೆ. ಹೋಬಳಿ ಕ್ರೀಡಾಕೂಟದ ಹಿಂದಿನ ಸಂಜೆ ಸುಣ್ಣದ ಪುಡಿಯ ಬಕೆಟ್ಟು, ಹಗ್ಗ, ಅಳತೆ ಟೇಪು ಹಿಡಿದು ಮೈದಾನದಲ್ಲಿ ಬಗ್ಗಿ ನಡೆಯುವವನನ್ನು ತಾವು ನೋಡಿರುತ್ತೀರಿ. ಅವನು ಅಲ್ಲಿ ಲೆಕ್ಕ ಮಾಡುತ್ತಿರುತ್ತಾನೆ. ಸುತ್ತು ಓಟದಲ್ಲಿ ಹೊರಗಿನ ಲೇನಿನವನು ಹೆಚ್ಚು ದೂರ ಓಡಬೇಕಾಗುತ್ತದೆ, ಅದಕ್ಕಾಗಿ ಅವನನ್ನು ಮುಂದೆ ನಿಲ್ಲಿಸಬೇಕು. 1.22 ಮೀಟರ್ ಅಗಲದ ಲೇನಾದರೆ ಎರಡನೆಯ ಲೇನಿಗೆ 7.04 ಮೀಟರ್, ಅಲ್ಲಿಂದಾಚೆಗೆ ಪ್ರತಿ ಲೇನಿಗೆ ಸುಮಾರು 7.67 ಮೀಟರ್. ಇದರ ಸೊಗಸೇನೆಂದರೆ, ಒಂದು ಪೂರ್ತಿ ಸುತ್ತಿಗೆ ಟ್ರ್ಯಾಕ್ 400 ಮೀಟರಿನದಾದರೂ 200 ಮೀಟರಿನದಾದರೂ ಈ ಅಂತರ ಅಷ್ಟೇ ಇರುತ್ತದೆ. ಅದು ಲೇನಿನ ಅಗಲವನ್ನು ಅವಲಂಬಿಸಿದೆಯೇ ಹೊರತು ಮೈದಾನದ ಅಳತೆಯನ್ನಲ್ಲ. ಕಂಠೀರವದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವ ಹುಡುಗಿಗೆ ಸಿಗುವ ನ್ಯಾಯವೇ ಹುಲ್ಲು ಕಲ್ಲಿನ ಹಳ್ಳಿ ಮೈದಾನದ ಹುಡುಗಿಗೂ ಸಿಗಬೇಕೆಂದು ಈ ಮನುಷ್ಯ ಕತ್ತಲಾಗುವವರೆಗೆ ಅಳೆಯುತ್ತಾನೆ. ಬೆಳಿಗ್ಗೆ ಯಾರದೋ ಎಮ್ಮೆ ಗೆರೆಗಳ ಮೇಲೆ ನಡೆದುಹೋಗಿರುತ್ತದೆ. ಮತ್ತೆ ಅಳೆಯುತ್ತಾನೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತ ಎರಡೂ ವಿಭಾಗಗಳಲ್ಲಿ ಗೆದ್ದಿತು. ಆ ತಂಡಗಳಲ್ಲಿ ಕರ್ನಾಟಕದ ಗೌತಮ್ ಮತ್ತು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯನ್ನು ಮಹಾರಾಷ್ಟ್ರದವರಿಗೆ ಸಿಕ್ಕಿದ್ದಕ್ಕೆ ಹೋಲಿಸಿ ಇಬ್ಬರೂ ನಿರಾಕರಿಸಿದ್ದು ತಮಗೆ ನೆನಪಿರುತ್ತದೆ. ಅವರ ಬೇಸರ ನ್ಯಾಯವಾದದ್ದೇ. ಆದರೆ ಆಗ ನಡೆದ ಚರ್ಚೆಯೆಲ್ಲ ಮೊತ್ತದ ಸುತ್ತಲೇ ತಿರುಗಿತು. ಒಂದು ಹಳ್ಳಿಯಲ್ಲಿ ಖೋ ಖೋ ಅಂಕಣ ಹೇಗೆ ಹುಟ್ಟುತ್ತದೆ, 27 ಮೀಟರ್ ಉದ್ದ 16 ಮೀಟರ್ ಅಗಲದ ಸಮತಟ್ಟು ಜಾಗಕ್ಕೆ ಯಾರು ಮಣ್ಣು ಹೊಡೆಸುತ್ತಾರೆ, ಎರಡು ಕಂಬ ಯಾರು ನೆಡುತ್ತಾರೆ, ಹೆಣ್ಣುಮಗಳನ್ನು ಸಂಜೆ ಅಭ್ಯಾಸಕ್ಕೆ ಕಳಿಸಲು ತಂದೆತಾಯಿಯನ್ನು ಯಾರು ಒಪ್ಪಿಸುತ್ತಾರೆ ಎಂಬ ಮಾತು ಎಷ್ಟು ಕಡೆ ಬಂತು?

ಈಗ ನನ್ನ ಮುಖ್ಯ ದೂರಿಗೆ ಬಂದೆ. ಪ್ರಶಸ್ತಿ ಇಲ್ಲ ಎಂಬುದು ಅರ್ಧ ಸಮಸ್ಯೆ. ನಾಳೆ ತಾವು ಪ್ರಶಸ್ತಿ ಘೋಷಿಸಿದರೂ ಅದು ಇವರನ್ನು ಮುಟ್ಟುವುದಿಲ್ಲ ಎಂಬುದು ಉಳಿದರ್ಧ. ಕ್ರೀಡಾ ಪ್ರಶಸ್ತಿಗಳ ವ್ಯವಸ್ಥೆ ಅರ್ಜಿ ಮತ್ತು ಪ್ರಮಾಣಪತ್ರದ ಮೇಲೆ ನಿಂತಿದೆ. ಆಟಗಾರರ ವಿಷಯದಲ್ಲಿ ಅದು ಸರಿ. ಪದಕಕ್ಕೆ ದಾಖಲೆ ಇರುತ್ತದೆ. ಆದರೆ ಇಪ್ಪತ್ತು ವರ್ಷ ಮೈಕ್ ಹಿಡಿದವರ ಹತ್ತಿರ ಯಾವ ದಾಖಲೆ ಇರಲು ಸಾಧ್ಯ? ಗೆದ್ದ ತಂಡಗಳಿಗೆ ಪ್ರಮಾಣಪತ್ರದಲ್ಲಿ ಹೆಸರು ತುಂಬಿಕೊಡುವವರು ಅವರೇ. ಅವರಿಗೆ ಪ್ರಮಾಣಪತ್ರ ಬರೆದುಕೊಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹೆಚ್ಚೆಂದರೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಕರಪತ್ರದ ಕೆಳತುದಿಯಲ್ಲಿ ಒಂದು ಹೆಸರು. ಆ ಕರಪತ್ರವೂ ಮರುದಿನ ಬಜ್ಜಿ ಕಟ್ಟಲು ಹೋಗಿರುತ್ತದೆ. ಅರ್ಜಿ ಹಾಕಿ ತಮ್ಮನ್ನು ತಾವೇ ಹೊಗಳಿಕೊಳ್ಳುವ ಜನವೂ ಅವರಲ್ಲ. ನನಗೆ ಪರಿಚಯವಿದ್ದ ಹಿರಿಯ ವಿವರಣೆಗಾರರೊಬ್ಬರಿಗೆ ಒಮ್ಮೆ ಯಾವುದೋ ಗೌರವಕ್ಕೆ ಅರ್ಜಿ ಹಾಕಲು ಹೇಳಿದೆವು. ನಮೂನೆಯಲ್ಲಿ 'ಸಾಧನೆಯ ವಿವರ' ಎಂಬ ಕಾಲಮ್ಮು ನೋಡಿ, ಪಂದ್ಯ ಗೆದ್ದವರ ಹೆಸರೆಲ್ಲ ಬರೆಯಬೇಕೇ ಎಂದು ಕೇಳಿದರು.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ರಾಜ್ಯ ಕ್ರೀಡಾ ಪ್ರಶಸ್ತಿಗಳಲ್ಲಿ ವ್ಯಕ್ತಿಗಳಿಗೆಂದೇ ಎರಡು ವಿಭಾಗ ಸೇರಿಸಿ: ವೀಕ್ಷಕ ವಿವರಣೆ ಮತ್ತು ಸ್ಥಳೀಯ ಕ್ರೀಡಾ ಪ್ರಸಾರಕ್ಕೆ ಒಂದು, ಊರಿನಲ್ಲಿ ಆಟ ಕಟ್ಟಿದವರಿಗೆ ಇನ್ನೊಂದು. ಎರಡಕ್ಕೂ ಅರ್ಜಿ ಕರೆಯಬೇಡಿ. ಗ್ರಾಮ ಪಂಚಾಯಿತಿ, ಶಾಲೆ, ಯುವಕ ಸಂಘ, ಕಂಬಳ ಸಮಿತಿ, ಗರಡಿ ಮನೆ, ಯಾರು ಬೇಕಾದರೂ ಒಂದು ಪುಟದಲ್ಲಿ ಹೆಸರು ಸೂಚಿಸಲಿ. ಸೂಚನೆಯನ್ನು ಪರಿಶೀಲಿಸಲು ಸಮಿತಿಯವರು ಕಚೇರಿಯಲ್ಲಿ ಕಡತ ನೋಡುವ ಬದಲು ನವೆಂಬರಿನಿಂದ ಮೇವರೆಗೆ ಮೈದಾನಕ್ಕೆ ಬರಲಿ. ಕಂಬಳ, ಊರಿನ ಕಬಡ್ಡಿ, ಕೊಡವ ಹಾಕಿ ಎಲ್ಲವೂ ಆ ತಿಂಗಳುಗಳಲ್ಲೇ ಸಿಗುತ್ತವೆ. ಮುಂಚಿತವಾಗಿ ತಿಳಿಸದೆ ಬಂದರೆ ಒಳ್ಳೆಯದು. ತಿಳಿಸಿ ಬಂದರೆ ಪಂದ್ಯ ನಿಲ್ಲಿಸಿ ಅವರಿಗೇ ಸನ್ಮಾನ ಮಾಡುತ್ತಾರೆ, ಆಟಗಾರರ ಮೈ ತಣ್ಣಗಾಗುತ್ತದೆ.

ಪ್ರಶಸ್ತಿಗಿಂತ ನನಗೆ ಹೆಚ್ಚು ಅವಸರವೆನಿಸುವುದು ಧ್ವನಿಮುದ್ರಣ. ಹಳೆಯ ವಿವರಣೆಗಾರರಲ್ಲಿ ಹಲವರಿಗೆ ವಯಸ್ಸಾಗಿದೆ. ಅವರ ಕಂಠದಲ್ಲಿರುವ ಊರೂರಿನ ಕ್ರೀಡಾ ಚರಿತ್ರೆಯನ್ನು ಈಗಲೇ ಹಿಡಿದಿಡಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ತುಳು ಮತ್ತು ಕೊಡವ ಸಾಹಿತ್ಯ ಅಕಾಡೆಮಿಗಳಿವೆ. ತಮ್ಮ ಇಲಾಖೆ ಇವುಗಳೊಡನೆ ಒಪ್ಪಂದ ಮಾಡಿಕೊಂಡು ಒಬ್ಬೊಬ್ಬರನ್ನು ಕೂರಿಸಿ ಮಾತನಾಡಿಸಿದರೆ ಸಾಕು, ದೊಡ್ಡ ಬಜೆಟ್ ಬೇಡ. ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಾನೆಲ್ ನಡೆಸುವ ಹುಡುಗ ಕೆಲಸ ಸಿಕ್ಕಿ ಊರು ಬಿಟ್ಟರೆ ಪಾಸ್‌ವರ್ಡ್ ಅವನ ಜೊತೆಯೇ ಹೋಗುತ್ತದೆ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳಿಸಿತೆಂದು ಇಡೀ ರಾತ್ರಿಯ ವಿಡಿಯೋ ತಡೆಹಿಡಿಯಲ್ಪಟ್ಟದ್ದೂ ಉಂಟು.

ಇನ್ನೊಂದು ಸಣ್ಣ ವಿಷಯ, ಆದರೆ ಮೈಕಿನವರನ್ನು ಕಾಡುವ ವಿಷಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಆ ಸಾಲಿನಲ್ಲಿ ಕ್ರೀಡೆಯ ಹೆಸರಿಲ್ಲ. ಅಕ್ಕಪಕ್ಕದವರ ನಿದ್ದೆಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಹಕ್ಕಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪೊಲೀಸರು ಬಂದಾಗ ಎದುರಿಗೆ ಸಿಗುವುದು ಮೈಕ್ ಹಿಡಿದವನೊಬ್ಬನೇ. ಸಂಘಟಕರು ಆ ಹೊತ್ತಿಗೆ ಊಟಕ್ಕೆ ಹೋಗಿರುತ್ತಾರೆ. ಪಂದ್ಯಾವಳಿಗಳನ್ನು ಸಂಜೆ ಬೇಗ ಶುರುಮಾಡುವಂತೆ, ತಂಡಗಳ ಸಂಖ್ಯೆಯನ್ನು ಸಮಯಕ್ಕೆ ಹೊಂದಿಸುವಂತೆ, ಅನುಮತಿಯ ಹೊಣೆ ಯಾರದೆಂದು ಸ್ಪಷ್ಟವಾಗಿರುವಂತೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಇಬ್ಬರಿಗೂ ಅನುಕೂಲ.

ಪ್ರಶಸ್ತಿ ಎಂದೊಡನೆ ಶಿಫಾರಸು ಪತ್ರಗಳು ಹುಟ್ಟಿಕೊಳ್ಳುತ್ತವೆ, ಜಾತಿ ಜಿಲ್ಲೆಗಳ ಲೆಕ್ಕ ಬರುತ್ತದೆ, ಕೊನೆಗೆ ಶಾಸಕರ ಆಪ್ತರೊಬ್ಬರು ಮೈಸೂರು ಪೇಟ ಧರಿಸಿ ವೇದಿಕೆ ಹತ್ತುತ್ತಾರೆ ಎಂದು ಸ್ನೇಹಿತರು ನನ್ನನ್ನು ಹೆದರಿಸಿದ್ದಾರೆ. ಆ ಹೆದರಿಕೆಗೆ ಆಧಾರವಿಲ್ಲ ಎನ್ನಲಾರೆ. ಆದರೂ ಒಂದು ಸಮಾಧಾನವಿದೆ. ಈ ಕ್ಷೇತ್ರದಲ್ಲಿ ನಕಲಿಯನ್ನು ಹಿಡಿಯುವುದು ಸುಲಭ. ಯಾರೇ ತಾನು ಕಬಡ್ಡಿ ವಿವರಣೆಗಾರ ಎಂದು ಬಂದರೆ ಅವನ ಕೈಗೆ ಮೈಕ್ ಕೊಟ್ಟು ಅಂಕಣದ ಪಕ್ಕ ಹತ್ತು ನಿಮಿಷ ನಿಲ್ಲಿಸಿ. ತೀರ್ಪನ್ನು ಪ್ರೇಕ್ಷಕರೇ ಕೊಡುತ್ತಾರೆ.

ದೊಡ್ಡ ಮೊತ್ತದ ಬಗ್ಗೆ ನನ್ನ ಒತ್ತಾಯವಿಲ್ಲ. ಎನ್. ಲಿಂಗಪ್ಪನವರಂಥ ಹಿರಿಯ ಅಥ್ಲೆಟಿಕ್ಸ್ ಗುರುವಿಗೆ ದ್ರೋಣಾಚಾರ್ಯ ಪ್ರಶಸ್ತಿ ತಲುಪಿದ್ದು 2014ರಲ್ಲಿ, ಅವರ ಇಳಿವಯಸ್ಸಿನಲ್ಲಿ. ಬಂತಲ್ಲ ಎಂದು ಎಲ್ಲರೂ ಸಂತೋಷಪಟ್ಟೆವು. ರಾಷ್ಟ್ರ ಮಟ್ಟದ ತರಬೇತುದಾರರಿಗೇ ಅಷ್ಟು ತಡವಾದರೆ ಹೋಬಳಿ ಮಟ್ಟದವರ ಪಾಡೇನು ಎಂಬ ಯೋಚನೆಯೂ ಅಂದೇ ಬಂದಿತ್ತು. ವರ್ಷಕ್ಕೆ ಜಿಲ್ಲೆಗೆ ಒಬ್ಬೊಬ್ಬರಾದರೂ ಬದುಕಿರುವಾಗಲೇ ಹೆಸರು ಕರೆಸಿಕೊಳ್ಳಲಿ. ಅಪಘಾತ ವಿಮೆ, ವೃದ್ಧರಾದ ಮೇಲೆ ಸಣ್ಣ ಮಾಸಾಶನ ಇವೆರಡನ್ನು ಹಣಕಾಸು ಇಲಾಖೆಯೊಡನೆ ಮಾತನಾಡಿ ತಾವು ಸೇರಿಸಿದರೆ ಇನ್ನೂ ಸಂತೋಷ.

ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಅದರೊಳಗೆ ಆದೇಶ ಹೊರಟರೆ ಈ ಬಾರಿಯ ಋತುವಿನಿಂದಲೇ ಹೆಸರು ಸೂಚಿಸುವ ಕೆಲಸ ಶುರುಮಾಡಬಹುದು. ನಮ್ಮ ತಾಲ್ಲೂಕಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು ಈಗಾಗಲೇ ಕುಳಿತು ಒಂದು ಪಟ್ಟಿ ಮಾಡಿದ್ದೇವೆ. ಮೈಕಿನವರು, ಅಂಕ ಬರೆಯುವವರು, ಮೈದಾನಕ್ಕೆ ಜಮೀನು ಬಿಟ್ಟುಕೊಟ್ಟ ಒಬ್ಬ ರೈತರು, ಊರಿನ ವಾಲಿಬಾಲ್ ಬಲೆಯನ್ನು ಪ್ರತಿ ವರ್ಷ ತಾವೇ ಹೆಣೆದುಕೊಡುವ ಒಬ್ಬ ಟೈಲರ್ ಅದರಲ್ಲಿ ಇದ್ದಾರೆ. ಯಾವ ವಿಳಾಸಕ್ಕೆ, ಯಾವ ಅಧಿಕಾರಿಯ ಹೆಸರಿಗೆ ಕಳಿಸಬೇಕೆಂದು ತಿಳಿಸಿದರೆ ಮರುದಿನವೇ ಅಂಚೆಗೆ ಹಾಕುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಹಾಸನ ಜಿಲ್ಲೆ